ಸುದ್ದಿಯಿಲ್ಲದ ಓಲೆ: ಬೆಳಗಿನ ಶುಭಸಂದೇಶದ ಚರಿತ್ರೆ ಮತ್ತು ಪ್ರಯೋಜನ

೧

ಪ್ರಾತಃಕಾಲದಲ್ಲಿ ಬಂಧುಮಿತ್ರರಿಗೆ ಮೊಬೈಲ್ ದೂರವಾಣಿಯ ಮೂಲಕ ಶುಭಾಶಯದ ಒಂದು ಸಂದೇಶವನ್ನು ಕಳುಹಿಸುವ ಪದ್ಧತಿಯು ಈಗ ನಮ್ಮ ನಾಡಿನಲ್ಲಿ ಪಟ್ಟಣ ಹಳ್ಳಿಗಳೆಂಬ ಭೇದವಿಲ್ಲದೆ ಹರಡಿದೆ. ಉದಯಿಸುವ ಸೂರ್ಯನೋ ಗುಲಾಬಿ ಹೂವೋ ದೇವರ ಪಟವೋ ಇರುವ ಒಂದು ಚಿತ್ರ, ಅದರ ಕೆಳಗೆ ಒಂದು ನೀತಿವಾಕ್ಯ, ಮೇಲೆ 'ಶುಭೋದಯ' ಎಂಬ ಪದ, ಇದು ಆ ಸಂದೇಶದ ಸಾಮಾನ್ಯ ಸ್ವರೂಪ. ವಾಟ್ಸಾಪ್ ಎಂಬ ಸಾಧನವು ೨೦೦೯ರಲ್ಲಿ ಹುಟ್ಟಿತು. ೨೦೧೬ರ ಅನಂತರ ಭಾರತದಲ್ಲಿ ಅಂತರಜಾಲದ ವೆಚ್ಚವು ಬಹಳ ಇಳಿದುದರಿಂದ, ಅಲ್ಲಿಯವರೆಗೆ ಅದನ್ನು ಮುಟ್ಟದಿದ್ದ ಹಿರಿಯರೂ ಗ್ರಾಮಸ್ಥರೂ ಅದರ ಬಳಕೆಯನ್ನು ಕಲಿತರು. ಭಾರತದಲ್ಲಿ ದೂರವಾಣಿಗಳ ಸಂಗ್ರಹಸ್ಥಳವು ಬೇಗ ತುಂಬಿ ಅವು ಪದೇ ಪದೇ ನಿಂತುಹೋಗುವುದೇಕೆಂದು ಗೂಗಲ್ ಸಂಸ್ಥೆಯ ಸಂಶೋಧಕರು ಪರಿಶೀಲಿಸಿ, ಶುಭೋದಯದ ಚಿತ್ರಗಳ ರಾಶಿಯೇ ಒಂದು ಮುಖ್ಯ ಕಾರಣವೆಂದು ಕಂಡುಕೊಂಡರೆಂಬುದಾಗಿ ೨೦೧೮ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ವರದಿ ಮಾಡಿತು. ಅಂಥ ಚಿತ್ರಗಳನ್ನು ಗುರುತಿಸಿ ಅಳಿಸಿಹಾಕಲು ನೆರವಾಗುವ ಸಾಧನವೊಂದನ್ನೂ ಆ ಸಂಸ್ಥೆ ಸಿದ್ಧಪಡಿಸಿತು.

ಈ ಪದ್ಧತಿಯ ವಿಷಯದಲ್ಲಿ ವಿದ್ಯಾವಂತರಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಪರಿಹಾಸ. ಈ ಸಂದೇಶದಲ್ಲಿ ಯಾವ ಸುದ್ದಿಯೂ ಇಲ್ಲ, ಕಳುಹಿಸಿದವನ ಸ್ವಂತ ಮಾತೂ ಇಲ್ಲ, ಓದುವವನಿಗೆ ಕಾಲಹರಣವಲ್ಲದೆ ಬೇರೆ ಫಲವಿಲ್ಲ ಎಂಬುದು ಅವರ ಆಕ್ಷೇಪ. ಇನ್ನು ಕೆಲವರು ಇದನ್ನು ಸಂಬಂಧಗಳನ್ನು ಬಲಪಡಿಸುವ, ಮನಸ್ಸಿಗೆ ನೆಮ್ಮದಿ ಕೊಡುವ ಒಂದು ದಿವ್ಯೌಷಧವೆಂಬಂತೆ ಹೊಗಳುತ್ತಾರೆ. ಈ ಎರಡು ಅಭಿಪ್ರಾಯಗಳಲ್ಲಿ ಯಾವುದು ಸಾಧು ಎಂಬುದನ್ನು ನಿರ್ಣಯಿಸುವ ಮೊದಲು, ಸುದ್ದಿಯಿಲ್ಲದ ಸಂದೇಶವೆಂಬುದು ನಮ್ಮ ಕಾಲದ ಸೃಷ್ಟಿಯೇ, ಅಥವಾ ಅದಕ್ಕೆ ಪೂರ್ವಚರಿತ್ರೆಯುಂಟೇ ಎಂಬುದನ್ನು ನೋಡಬೇಕು. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರ ಪ್ರಯೋಜನದ ಬಗ್ಗೆ ಈಚಿನ ಅರ್ಧ ಶತಮಾನದಲ್ಲಿ ದೊರೆತಿರುವ ಪ್ರಮಾಣಗಳನ್ನು ತೂಗಿನೋಡುವುದು ಪ್ರಕೃತ ಲೇಖನದ ಉದ್ದೇಶ.

೨

ಎದುರಾದವರ ಕ್ಷೇಮವನ್ನು ವಿಚಾರಿಸುವುದು ನಮ್ಮ ಪ್ರಾಚೀನ ಶಿಷ್ಟಾಚಾರಗಳಲ್ಲಿ ಒಂದು. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನ ಆಸ್ಥಾನಕ್ಕೆ ಬಂದಾಗ ಆಡುವ ಮಾತುಗಳು ಕುಶಲಪ್ರಶ್ನೆಗಳ ರೂಪದಲ್ಲಿಯೇ ಸಾಗಿ, ರಾಜನೀತಿಯ ಒಂದು ದೀರ್ಘ ಉಪದೇಶವಾಗಿ ಬೆಳೆಯುತ್ತವೆ. ಆದರೆ ಈ ಶಿಷ್ಟಾಚಾರವು ಎಲ್ಲರಿಗೂ ಒಂದೇ ಆಗಿರಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಬ್ರಾಹ್ಮಣನನ್ನು 'ಕುಶಲ'ವೆಂಬ ಮಾತಿನಿಂದಲೂ, ಕ್ಷತ್ರಿಯನನ್ನು 'ಅನಾಮಯ'ವೆಂಬ ಮಾತಿನಿಂದಲೂ, ವೈಶ್ಯನನ್ನು 'ಕ್ಷೇಮ'ವೆಂಬ ಮಾತಿನಿಂದಲೂ, ಶೂದ್ರನನ್ನು 'ಆರೋಗ್ಯ'ವೆಂಬ ಮಾತಿನಿಂದಲೂ ವಿಚಾರಿಸತಕ್ಕದ್ದೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸುತ್ತದೆ. ಎಂದರೆ, ಕ್ಷೇಮವನ್ನು ಕೇಳುವ ಮಾತೇ ಕೇಳಿಸಿಕೊಳ್ಳುವವನ ಸ್ಥಾನವನ್ನೂ ಗೊತ್ತುಮಾಡುತ್ತಿತ್ತು.

ಮುಂಜಾನೆಯ ವಂದನೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. 'ಸುಪ್ರಭಾತ'ವೆಂಬುದು ಮೂಲತಃ ದೇವರನ್ನೋ ಅರಸನನ್ನೋ ಎಚ್ಚರಿಸುವ ಸ್ತುತಿ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನು ರಾಮನನ್ನು ಎಬ್ಬಿಸುತ್ತಾನೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ವಂದಿಗಳು ರಾಜಕುಮಾರನಾದ ಅಜನನ್ನು ಎಬ್ಬಿಸುತ್ತಾರೆ. ಸಾಮಾನ್ಯ ಗೃಹಸ್ಥರು ಪರಸ್ಪರ ಹೇಳಿಕೊಳ್ಳುವ, ಹೊತ್ತಿಗೆ ತಕ್ಕಂತೆ ಬದಲಾಗುವ ವಂದನೆಯು ಕನ್ನಡದ ಮನೆಮಾತಿನಲ್ಲಿ ಇದ್ದಂತೆ ತೋರುವುದಿಲ್ಲ. ನಮ್ಮ ಜನ ಎದುರಾದಾಗ ಕೇಳುತ್ತಿದ್ದುದು, ಈಗಲೂ ಕೇಳುವುದು, 'ಊಟ ಆಯಿತೇ?', 'ಕಾಫಿ ಆಯಿತೇ?', 'ಯಾವ ಕಡೆ ಹೊರಟಿರಿ?' ಎಂದು, ಉತ್ತರ ಕರ್ನಾಟಕದಲ್ಲಾದರೆ 'ಆರಾಮ ಇದ್ದೀರೇನ್ರೀ?' ಎಂದು. 'ಶುಭೋದಯ'ವೆಂಬ ವಂದನೆಯು ಇಂಗ್ಲಿಷಿನ 'ಗುಡ್ ಮಾರ್ನಿಂಗ್' ಎಂಬುದಕ್ಕೆ ಸಂವಾದಿಯಾಗಿ ಬಳಕೆಗೆ ಬಂದುದು. ಹಾಗೆಂದು ಅದು ಹೇಯವೇನೂ ಅಲ್ಲ. ತಂದೆಗೂ ಮಗಳಿಗೂ, ಅಧಿಕಾರಿಗೂ ಗುಮಾಸ್ತನಿಗೂ, ಯಾವ ಜಾತಿಯವರಿಗೂ ಒಂದೇ ರೂಪದಲ್ಲಿ ಸಲ್ಲುವ ವಂದನೆಯೊಂದು ರೂಢಿಗೆ ಬಂದುದು ನಮ್ಮ ಸಮಾಜದ ಚರಿತ್ರೆಯಲ್ಲಿ ಗಮನಾರ್ಹವಾದ ಒಂದು ಸಂಗತಿಯೇ ಸರಿ.

ಎದುರಿಗಿಲ್ಲದವರ ಕ್ಷೇಮವನ್ನು ಓಲೆಯ ಮೂಲಕ ಕೇಳುವ ಸಂಪ್ರದಾಯವೂ ಬಹು ಪುರಾತನವಾದುದು. ರೋಮನರು ತಮ್ಮ ಪತ್ರಗಳ ಆರಂಭದಲ್ಲಿ 'ನೀನು ಕ್ಷೇಮವಾಗಿದ್ದರೆ ಒಳ್ಳೆಯದು, ನಾನು ಕ್ಷೇಮ' ಎಂಬರ್ಥದ ಲ್ಯಾಟಿನ್ ವಾಕ್ಯವನ್ನು ಬರೆಯುತ್ತಿದ್ದರು. ಈ ವಾಕ್ಯವು ಎಷ್ಟು ರೂಢಿಯಾಗಿದ್ದಿತೆಂದರೆ, ಅದನ್ನು ಪೂರ್ತಿಯಾಗಿ ಬರೆಯದೆ ಪ್ರತಿ ಪದದ ಮೊದಲನೆಯ ಅಕ್ಷರವನ್ನು ಮಾತ್ರ ಬರೆದು ಮುಂದುವರಿಯುವುದೂ ಉಂಟಾಗಿದ್ದಿತು; ಸಿಸಿರೋನ ಕಾಲದ ಪತ್ರಗಳಲ್ಲಿ ಇದನ್ನು ಕಾಣಬಹುದು. ಕ್ರಿ. ಶ. ಒಂದನೆಯ ಶತಮಾನದಲ್ಲಿ ಸೆನೆಕನು ತನ್ನ ಮಿತ್ರನಾದ ಲುಸಿಲಿಯಸನಿಗೆ ಬರೆದ ಒಂದು ಪತ್ರದಲ್ಲಿ ಇದನ್ನು ಹಿಂದಿನವರ ಪದ್ಧತಿಯೆಂದು ಸ್ಮರಿಸಿಕೊಳ್ಳುತ್ತಾನೆ. 'ಗುಡ್ ಮಾರ್ನಿಂಗ್' ಎಂಬುದನ್ನು 'ಜಿ. ಎಂ.' ಎಂದು ಮೊಟಕುಗೊಳಿಸುವ ಇಂದಿನ ತರುಣರನ್ನು ಹಳಿಯುವವರು, ಎರಡು ಸಾವಿರ ವರ್ಷಗಳ ಹಿಂದೆ ಇದೇ ಕೆಲಸ ನಡೆದಿತ್ತೆಂಬುದನ್ನು ನೆನೆಯಬಹುದು.

ನಮ್ಮ ಕನ್ನಡದ ಪತ್ರಲೇಖನ ಸಂಪ್ರದಾಯವನ್ನು ನೋಡೋಣ. ತಂದೆಗಾದರೆ 'ತೀರ್ಥರೂಪರವರ ಪಾದಾರವಿಂದಗಳಿಗೆ', ತಾಯಿಗಾದರೆ 'ಮಾತೃಶ್ರೀಯವರಿಗೆ', ಕಿರಿಯರಿಗಾದರೆ 'ಚಿರಂಜೀವಿ' ಎಂದು ಸಂಬೋಧನೆ. ಆಮೇಲೆ 'ಸಾಷ್ಟಾಂಗ ನಮಸ್ಕಾರಗಳು' ಅಥವಾ 'ಆಶೀರ್ವಾದಗಳು'. ಆಮೇಲೆ 'ಉಭಯ ಕುಶಲೋಪರಿ ಸಾಂಪ್ರತ'. ಆಮೇಲೆ 'ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯುತ್ತಿರಬೇಕು'. ಕೊನೆಗೆ 'ಮತ್ತೇನೂ ವಿಶೇಷವಿಲ್ಲ'. ಎಷ್ಟೋ ಕಾರ್ಡುಗಳಲ್ಲಿ ಈ ಸೂತ್ರವಾಕ್ಯಗಳ ಹೊರತು ಬೇರೆ ಯಾವ ವಿಷಯವೂ ಇರುತ್ತಿರಲಿಲ್ಲ. ಬರೆದವನೇ 'ವಿಶೇಷವಿಲ್ಲ' ಎಂದು ಒಪ್ಪಿಕೊಂಡು ಕಳುಹಿಸುತ್ತಿದ್ದ ಈ ಕಾರ್ಡನ್ನು ಮನೆಮಂದಿಯೆಲ್ಲ ಕುಳಿತು ಓದಿಸಿಕೇಳಿ, ಓದಿಯಾದ ಮೇಲೆ ತೊಲೆಗೆ ತೂಗುಹಾಕಿದ ತಂತಿಗೆ ಸಿಕ್ಕಿಸಿ ಕಾಪಾಡುತ್ತಿದ್ದರು. ಅದು ಬರುವುದು ಒಂದು ವಾರ ತಡವಾದರೆ ತಾಯಂದಿರು ಅಂಚೆಯವನ ದಾರಿಯನ್ನು ಕಾಯುತ್ತಿದ್ದರು. ಆ ಕಾರ್ಡಿನಿಂದ ಅವರು ಪಡೆಯುತ್ತಿದ್ದುದು ಸುದ್ದಿಯನ್ನಲ್ಲ, ಮಗನು ಬದುಕಿ ಬಾಳುತ್ತಿದ್ದಾನೆ, ನಮ್ಮನ್ನು ನೆನೆದಿದ್ದಾನೆ ಎಂಬ ನಿಶ್ಚಯವನ್ನು.

೩

ಇಂಥ ಓಲೆಯನ್ನು ಎಷ್ಟು ಸಲ ಕಳುಹಿಸಬಹುದೆಂಬುದನ್ನು ಪ್ರತಿಯೊಂದು ಕಾಲದಲ್ಲಿಯೂ ನಿರ್ಧರಿಸಿದುದು ಅದರ ವೆಚ್ಚ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಅಂಚೆಯು ಮೊದಲಿಗೆ ಮುಖ್ಯವಾಗಿ ಆಡಳಿತದ ಕೆಲಸಕ್ಕಾಗಿ ಇದ್ದುದು. ಅದು ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಬ್ರಿಟಿಷ್ ಭಾರತದಲ್ಲಿ ೧೮೫೪ರ ಅಂಚೆ ಕಾಯಿದೆಯ ತರುವಾಯ, ಕಡಮೆ ತೂಕದ ಪತ್ರಕ್ಕೆ ದೂರ ಎಷ್ಟೇ ಇರಲಿ ಅರ್ಧ ಆಣೆಯೆಂಬ ಏಕರೂಪದ ದರ ಜಾರಿಗೆ ಬಂದಿತು. ಅದುವರೆಗೆ ದೂರ ಹೆಚ್ಚಿದಂತೆ ವೆಚ್ಚವೂ ಹೆಚ್ಚುತ್ತಿದ್ದುದರಿಂದ, ದೂರದಲ್ಲಿದ್ದವರಿಗೆ ಕೇವಲ ಕ್ಷೇಮವನ್ನು ಕೇಳಲು ಪತ್ರ ಬರೆಯುವುದು ಬಡವರಿಗೆ ಸಾಧ್ಯವಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಹೆಜ್ಜೆ ಪೋಸ್ಟ್ ಕಾರ್ಡು. ಆಸ್ಟ್ರಿಯದ ವೀನರ್ ನಾಯ್‌ಸ್ಟಾಟ್ ಪಟ್ಟಣದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕನಾಗಿದ್ದ ಎಮಾನುಯೆಲ್ ಹೆರ್ಮನ್ ಎಂಬಾತನು ೧೮೬೯ರ ಜನವರಿಯಲ್ಲಿ ವಿಯೆನ್ನದ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಅಂಚೆಯಲ್ಲಿ ಸಾಗುವ ಪತ್ರಗಳಲ್ಲಿ ಬಹುಪಾಲು ಎರಡು ಮೂರು ಸಾಲಿನ ವಿಷಯಕ್ಕಾಗಿ ಬರೆದವಾಗಿರುವಾಗ ಕಾಗದ, ಲಕೋಟೆ, ಅರಗು, ಕಾಲ ಇವುಗಳನ್ನು ವ್ಯಯಮಾಡುವುದು ವ್ಯರ್ಥವೆಂದು ವಾದಿಸಿದನು. ಅದೇ ವರ್ಷದ ಅಕ್ಟೋಬರ್ ೧ರಂದು ಆಸ್ಟ್ರಿಯ-ಹಂಗರಿಯ ಸರ್ಕಾರವು ಜಗತ್ತಿನ ಪ್ರಥಮ ಸರ್ಕಾರೀ ಪೋಸ್ಟ್ ಕಾರ್ಡನ್ನು ಹೊರತಂದಿತು. ಮಾರನೆಯ ವರ್ಷ ಬ್ರಿಟನ್ ಅದನ್ನು ಅನುಸರಿಸಿತು. ಭಾರತದಲ್ಲಿ ೧೮೭೯ರ ಜುಲೈ ೧ರಂದು ಕಾಲಾಣೆಯ ಕಾರ್ಡು ಮಾರಾಟಕ್ಕೆ ಬಂದಿತು. ತೆರೆದ ಕಾರ್ಡಿನಲ್ಲಿ ಬರೆಯುವುದು ಅಮರ್ಯಾದೆಯೆಂದೂ, ಸೇವಕರೆಲ್ಲ ಅದನ್ನು ಓದಿಬಿಡುವರೆಂದೂ ಆಗಿನ ಇಂಗ್ಲೆಂಡಿನ ಶಿಷ್ಟರು ಗೊಣಗಿದುದುಂಟು. ಅಗ್ಗದ ವಂದನೆಯನ್ನು ಹೀನವೆಂದು ಕಾಣುವ ಪ್ರವೃತ್ತಿಯೂ, ಹೀಗೆ, ಹೊಸದಲ್ಲ.

ತಂತಿಯ ಕಾಲದಲ್ಲಿ ಈ ವಂದನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಭಾರತದಲ್ಲಿ ಮದುವೆ, ಹಬ್ಬ, ಪರೀಕ್ಷೆಯಲ್ಲಿ ತೇರ್ಗಡೆ ಮೊದಲಾದ ಸಂದರ್ಭಗಳಿಗೆ ಸಿದ್ಧವಾಕ್ಯಗಳ ಒಂದು ಪಟ್ಟಿಯಿದ್ದು, ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿರುತ್ತಿತ್ತು. ಕಳುಹಿಸುವವನು ಸಂಖ್ಯೆಯನ್ನು ಗುರುತಿಸಿದರೆ ಸಾಕು, ತಂತಿಯ ಮೇಲೆ ಸಾಗುತ್ತಿದ್ದುದು ಆ ಸಂಖ್ಯೆಯೇ. ತಲುಪಿದ ಕಚೇರಿಯಲ್ಲಿ ಅದನ್ನು ಪೂರ್ಣವಾಕ್ಯವಾಗಿ ಬರೆದು ಕೊಡುತ್ತಿದ್ದರು. ಶುಭಾಶಯದ ಒಂದು ಪದವೂ ಕಳುಹಿಸಿದವನದಲ್ಲ. ಆದರೂ ಮದುವೆಯ ಮನೆಗಳಲ್ಲಿ ಅಂಥ ತಂತಿಗಳನ್ನು ಎಲ್ಲರೆದುರು ಓದಿಹೇಳಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಭಾರತದ ತಂತಿ ಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ಮುಕ್ತಾಯವಾಯಿತು.

ಮೊಬೈಲ್ ದೂರವಾಣಿಯ ಕಿರುಸಂದೇಶದ ಚರಿತ್ರೆಯೂ ವಂದನೆಯಿಂದಲೇ ಮೊದಲಾಗುತ್ತದೆ. ೧೯೯೨ರ ಡಿಸೆಂಬರ್ ೩ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಇಂಜಿನಿಯರನು ಕಳುಹಿಸಿದ ಪ್ರಥಮ ಕಿರುಸಂದೇಶದಲ್ಲಿದ್ದುದು ಕ್ರಿಸ್ಮಸ್ ಹಬ್ಬದ ಶುಭಾಶಯ ಮಾತ್ರ. ರೋಮನ್ ಲಿಪಿಯಲ್ಲಿ ಅಂಥ ಒಂದು ಸಂದೇಶಕ್ಕೆ ೧೬೦ ಅಕ್ಷರಗಳ ಮಿತಿ. ಕನ್ನಡದಂಥ ಲಿಪಿಗಳಲ್ಲಿ ಬರೆದರೆ ಅದು ೭೦ ಸಂಕೇತಗಳಿಗೆ ಇಳಿಯುತ್ತಿತ್ತು. ಕನ್ನಡಿಗರು ಬಹುಕಾಲ ತಮ್ಮ ಶುಭಾಶಯಗಳನ್ನು ಇಂಗ್ಲಿಷಿನಲ್ಲಿ ಅಥವಾ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುದಕ್ಕೆ ಇದೂ ಒಂದು ಕಾರಣ. ಅಂತರಜಾಲದ ಸಂದೇಶಗಳು ಬಂದ ಮೇಲೆ ಈ ಮಿತಿ ಹೋಯಿತು. ಚಿತ್ರದ ಮೂಲಕ ಕಳುಹಿಸುವುದು ಸಾಧ್ಯವಾದ್ದರಿಂದ, ಬರೆಯಲು ಬಾರದವರಿಗೂ, ಕಣ್ಣು ಮಂಜಾದ ವೃದ್ಧರಿಗೂ ತಮ್ಮ ಕೈಯಿಂದಲೇ ಒಂದು 'ಓಲೆ'ಯನ್ನು ಕಳುಹಿಸುವ ಶಕ್ತಿ ಬಂದಿತು. ಹಿಂದೆ ಇವರು ಶಾಲೆಯ ಮೇಷ್ಟರನ್ನೋ ಅಂಚೆಯವನನ್ನೋ ಆಶ್ರಯಿಸಬೇಕಾಗಿತ್ತು. ಶುಭೋದಯದ ಚಿತ್ರವನ್ನು ನೋಡಿ ನಗುವಾಗ ಈ ಅಂಶವನ್ನು ಲಕ್ಷ್ಯದಲ್ಲಿಡುವುದು ನ್ಯಾಯ.

೪

ಸುದ್ದಿಯಿಲ್ಲದ ಮಾತಿನ ಪ್ರಯೋಜನವೇನೆಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರಲ್ಲಿ ಮಾನವಶಾಸ್ತ್ರಜ್ಞನಾದ ಬ್ರೋನಿಸ್ಲಾ ಮಲಿನೋವ್‌ಸ್ಕಿ ಪ್ರಮುಖನು. ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಜನರ ಮಾತುಕತೆಯನ್ನು ಕೇಳಿದ್ದ ಆತನು, ೧೯೨೩ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ, ಹವೆಯ ವಿಚಾರ, ಕ್ಷೇಮದ ವಿಚಾರ ಮೊದಲಾದ ಮಾತುಗಳು ಅಭಿಪ್ರಾಯವನ್ನು ತಿಳಿಸುವುದಕ್ಕಾಗಿ ಹುಟ್ಟಿದವಲ್ಲ, ಆಡುವವರ ನಡುವೆ ಬಾಂಧವ್ಯವನ್ನು ಹೆಣೆಯುವುದಕ್ಕಾಗಿ ಹುಟ್ಟಿದವು ಎಂದು ಪ್ರತಿಪಾದಿಸಿದನು. ಮೌನವಾಗಿ ಎದುರು ನಿಂತ ಅಪರಿಚಿತನು ಭಯವನ್ನು ಹುಟ್ಟಿಸುತ್ತಾನೆ. ಒಂದು ಮಾತು, ಅದು ಎಷ್ಟೇ ನಿರರ್ಥಕವಾಗಿರಲಿ, ಆ ಭಯವನ್ನು ಕಳೆಯುತ್ತದೆ. ೧೯೬೦ರಲ್ಲಿ ಭಾಷಾಶಾಸ್ತ್ರಜ್ಞನಾದ ರೋಮನ್ ಯಾಕಬ್ಸನ್ ಈ ವಿಚಾರವನ್ನು ಮುಂದುವರಿಸಿ, ಭಾಷೆಯ ಕಾರ್ಯಗಳಲ್ಲಿ ಸಂಪರ್ಕದ ಮಾರ್ಗವು ತೆರೆದಿದೆಯೇ ಎಂದು ಪರೀಕ್ಷಿಸುವುದೂ ಒಂದೆಂದು ಎಣಿಸಿದನು.

ಈ ದೃಷ್ಟಿಯಿಂದ ನೋಡಿದರೆ, 'ಮತ್ತೇನೂ ವಿಶೇಷವಿಲ್ಲ' ಎಂಬ ಕಾರ್ಡೂ 'ಶುಭೋದಯ'ವೆಂಬ ಸಂದೇಶವೂ ಒಂದೇ ಕಾರ್ಯವನ್ನು ಮಾಡುತ್ತವೆ. ಬಳಸದ ಬಾವಿಯ ನೀರು ಕೆಡುವಂತೆ, ನಡೆಯದ ಕಾಲುದಾರಿಯಲ್ಲಿ ಗಿಡ ಬೆಳೆಯುವಂತೆ, ಸಂಬಂಧವೂ ಬಳಕೆಯಿಲ್ಲದಿದ್ದರೆ ಮುಚ್ಚಿಹೋಗುತ್ತದೆ. ಮುಂದೆ ಒಂದು ದಿನ ದುಃಖವನ್ನೋ ಸಹಾಯದ ಕೋರಿಕೆಯನ್ನೋ ಹೇಳಿಕೊಳ್ಳಬೇಕಾಗಿ ಬಂದಾಗ, ಅದಕ್ಕೆ ದಾರಿ ತೆರೆದಿರಬೇಕಾದರೆ ಸಾಧಾರಣವಾದ ದಿನಗಳಲ್ಲಿ ಆ ದಾರಿಯಲ್ಲಿ ಓಡಾಟವಿರಬೇಕು.

೫

ಇದು ತರ್ಕದ ಮಾತಾಯಿತು. ಅನುಭವದಿಂದ ಸಿದ್ಧವಾದ ಪ್ರಮಾಣವೇನು? ಬಾಂಧವ್ಯಕ್ಕೂ ಆಯುರಾರೋಗ್ಯಗಳಿಗೂ ಸಂಬಂಧವುಂಟೆಂಬುದು ಈಗ ವಾದಗ್ರಸ್ತವಾದ ವಿಷಯವಲ್ಲ. ಅಮೆರಿಕದ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಆಕೆಯ ಸಹೋದ್ಯೋಗಿಗಳು ೨೦೧೦ರಲ್ಲಿ ೧೪೮ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವುಗಳಲ್ಲಿ ಸೇರಿದ್ದ ಜನರ ಸಂಖ್ಯೆ ೩,೦೮,೮೪೯. ಆಯಾ ಅಧ್ಯಯನಗಳ ಅವಧಿಯಲ್ಲಿ, ಬಲವಾದ ಸಾಮಾಜಿಕ ಸಂಬಂಧಗಳಿದ್ದವರು ಬದುಕಿ ಉಳಿಯುವ ಸಂಭವವು ಇತರರಿಗಿಂತ ಶೇಕಡಾ ೫೦ರಷ್ಟು ಹೆಚ್ಚೆಂದು ಕಂಡುಬಂದಿತು. ಆದರೆ ಇದು ಸಂಬಂಧಗಳ ಮಾತು, ಸಂದೇಶಗಳ ಮಾತಲ್ಲ. ಒಂದು ಚಿಕ್ಕ ಓಲೆಗೆ ಸ್ವತಂತ್ರವಾದ ಶಕ್ತಿಯುಂಟೇ ಎಂಬುದಕ್ಕೆ ಬೇರೆ ಪ್ರಮಾಣ ಬೇಕು.

ಅಂಥ ಪ್ರಮಾಣವನ್ನು ಒದಗಿಸಿದುದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮನೋವೈದ್ಯನಾದ ಜೆರೋಮ್ ಮೊಟ್ಟೋ ನಡೆಸಿದ ಪ್ರಯೋಗ. ೧೯೬೯ರಿಂದ ೧೯೭೪ರವರೆಗಿನ ಅವಧಿಯಲ್ಲಿ, ತೀವ್ರವಾದ ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿ ಹೊರಬಂದವರ ಪೈಕಿ ಮುಂದಿನ ಚಿಕಿತ್ಸೆಯನ್ನು ನಿರಾಕರಿಸಿದ ಅಥವಾ ನಿಲ್ಲಿಸಿದ ೮೪೩ ಜನರನ್ನು ಆತನು ಎರಡು ಗುಂಪುಗಳಾಗಿ ವಿಂಗಡಿಸಿದನು. ಒಂದು ಗುಂಪಿನವರಿಗೆ ಪತ್ರಗಳು ಹೋದುವು: ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಆಮೇಲೆ ಎಂಟು ತಿಂಗಳು ಎರಡು ತಿಂಗಳಿಗೊಂದು, ಆಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು, ಐದು ವರ್ಷಗಳಲ್ಲಿ ಒಟ್ಟು ೨೪. ಇನ್ನೊಂದು ಗುಂಪಿನವರಿಗೆ ಪತ್ರಗಳಿಲ್ಲ. ಆ ಪತ್ರಗಳಲ್ಲಿ ಉಪದೇಶವಿರಲಿಲ್ಲ, ಚಿಕಿತ್ಸೆಗೆ ಬನ್ನಿರೆಂಬ ಒತ್ತಾಯವಿರಲಿಲ್ಲ, ಪ್ರಶ್ನಾವಳಿಯೂ ಇರಲಿಲ್ಲ. ನೀವು ಕ್ಷೇಮವೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬ ತಾತ್ಪರ್ಯದ ಎರಡು ಸಾಲು, ಅಷ್ಟೆ. ನಮ್ಮ 'ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯುತ್ತಿರಬೇಕು' ಎಂಬ ಸೂತ್ರವಾಕ್ಯಕ್ಕೂ ಇದಕ್ಕೂ ಅಂತರ ಬಹಳವಿಲ್ಲ. ೨೦೦೧ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದು ವರ್ಷಗಳಲ್ಲಿಯೂ ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಮೆಯಿತ್ತು. ಮೊದಲ ಎರಡು ವರ್ಷಗಳಲ್ಲಿ ಆ ಅಂತರವು ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ಸ್ಪಷ್ಟವಾಗಿತ್ತು. ಪತ್ರಗಳು ವಿರಳವಾದಂತೆ ಅಂತರವೂ ಕಿರಿದಾಯಿತು.

ಆಸ್ಟ್ರೇಲಿಯದ ನ್ಯೂಕ್ಯಾಸಲ್ ಪಟ್ಟಣದಲ್ಲಿ, ತಮಗೆ ತಾವೇ ಅಪಾಯ ಮಾಡಿಕೊಂಡು ಆಸ್ಪತ್ರೆ ಸೇರಿದ್ದ ೭೭೨ ಜನರ ವಿಷಯದಲ್ಲಿ ಇಂಥದೇ ಪ್ರಯೋಗ ನಡೆದು ೨೦೦೫ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವರ್ಷದಲ್ಲಿ ಎಂಟು ಕಾರ್ಡುಗಳನ್ನು ಕಳುಹಿಸಲಾಯಿತು. ಮತ್ತೆ ಅಂಥ ಪ್ರಯತ್ನ ಮಾಡಿದವರ ಪ್ರಮಾಣದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲವಾದರೂ, ಪ್ರಯತ್ನಗಳ ಒಟ್ಟು ಸಂಖ್ಯೆಯು ಕಾರ್ಡು ಪಡೆದವರಲ್ಲಿ ಸುಮಾರು ಅರ್ಧದಷ್ಟಿತ್ತು. ಇರಾನಿನ ಟೆಹರಾನ್ ನಗರದಲ್ಲಿ ೨,೩೦೦ ಜನರನ್ನೊಳಗೊಂಡು ೨೦೧೧ರಲ್ಲಿ ಪ್ರಕಟವಾದ ಪ್ರಯೋಗವೂ ಅನುಕೂಲವಾದ ಫಲವನ್ನು ತೋರಿಸಿತು. ಆದರೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಪ್ರಯೋಗದಲ್ಲಿ ಅಂಥ ಫಲ ದೃಢಪಡಲಿಲ್ಲ. ಆದುದರಿಂದ ಓಲೆಯು ಸರ್ವರೋಗ ನಿವಾರಕವೆಂದು ಸಾರುವುದು ಸಾಹಸವಾದೀತು. ಅದು ಚಿಕಿತ್ಸೆಯ ಸ್ಥಾನವನ್ನು ತುಂಬಲಾರದು. ಮನಸ್ಸು ಕುಗ್ಗಿದ ವಿದ್ಯಾರ್ಥಿಗೆ ಅಥವಾ ಮಿತ್ರನಿಗೆ ವೈದ್ಯರ ನೆರವು ಬೇಕಾದಲ್ಲಿ, ಭಾರತ ಸರ್ಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕೇಂದ್ರಸ್ಥಾನವಾಗಿರುವ ಟೆಲಿ-ಮಾನಸ್ ಸಹಾಯವಾಣಿಯ ೧೪೪೧೬ ಎಂಬ ಸಂಖ್ಯೆಯನ್ನು ತಿಳಿಸುವುದು ಅಧ್ಯಾಪಕರ ಕರ್ತವ್ಯ.

ರೋಗಿಗಳಲ್ಲದ ಸಾಮಾನ್ಯ ಜನರ ವಿಷಯದಲ್ಲಿಯೂ ಒಂದು ಉಪಯುಕ್ತವಾದ ಅಧ್ಯಯನವುಂಟು. ಪೆಗಿ ಲಿಯು ಎಂಬಾಕೆ ಮತ್ತು ಸಂಗಡಿಗರು ೧೩ ಪ್ರಯೋಗಗಳಲ್ಲಿ ೫,೯೦೦ಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿ ೨೦೨೨ರಲ್ಲಿ ಪ್ರಕಟಿಸಿದ ತೀರ್ಮಾನವಿದು: ಬಹುಕಾಲ ಮಾತಾಡಿಸದ ಪರಿಚಿತರಿಗೆ ಒಂದು ಚಿಕ್ಕ ಸಂದೇಶವನ್ನು ಕಳುಹಿಸಿದರೆ ಅವರು ಎಷ್ಟು ಸಂತೋಷಪಡುವರೆಂಬುದನ್ನು ಕಳುಹಿಸುವವರು ಸದಾ ಕಡಮೆಯಾಗಿಯೇ ಅಂದಾಜು ಮಾಡುತ್ತಾರೆ. 'ಸುಮ್ಮನೆ ಏಕೆ ತೊಂದರೆ ಕೊಡಲಿ' ಎಂದು ನಮ್ಮಲ್ಲಿ ಅನೇಕರು ಕೈ ಹಿಂದೆಗೆಯುವುದು, ಹೀಗೆ, ಬಹುಮಟ್ಟಿಗೆ ತಪ್ಪು ಲೆಕ್ಕದಿಂದ.

೬

ನಿಯತವಾಗಿ ಬರುವ ವಂದನೆಗೆ ಇನ್ನೊಂದು ಗುಣವುಂಟು. ಅದು ಬಾರದಿದ್ದಾಗ ಆ ಮೌನವೇ ಮಾತಾಡುತ್ತದೆ. ೧೯೯೬ರಲ್ಲಿ ಜಪಾನಿನ ಟೋಕಿಯೋ ನಗರದ ಇಕೆಬುಕುರೊ ಎಂಬಲ್ಲಿ ವೃದ್ಧ ತಾಯಿಯೂ ರೋಗಿಯಾದ ಮಗನೂ ಮನೆಯಲ್ಲಿ ಸತ್ತು ಬಹಳ ದಿನಗಳ ಮೇಲೆ ಬೆಳಕಿಗೆ ಬಂದುದು ಆ ದೇಶವನ್ನು ಕಲಕಿತು. ಆ ಘಟನೆಯ ಪ್ರೇರಣೆಯಿಂದ ಜೋಜಿರುಶಿ ಎಂಬ ಸಂಸ್ಥೆಯು ೨೦೦೧ರಲ್ಲಿ ಒಂದು ವಿಶೇಷವಾದ ವಿದ್ಯುತ್ ಕೆಟಲನ್ನು ಬಳಕೆಗೆ ತಂದಿತು. ಒಂಟಿಯಾಗಿರುವ ವೃದ್ಧರು ಬೆಳಿಗ್ಗೆ ಚಹಕ್ಕಾಗಿ ಅದರಿಂದ ಬಿಸಿನೀರು ಬಗ್ಗಿಸಿಕೊಂಡರೆ, ಆ ವಿಷಯವು ದೂರದ ಊರಿನಲ್ಲಿರುವ ಮಕ್ಕಳಿಗೆ ಸಂದೇಶವಾಗಿ ತಲುಪುತ್ತದೆ. ನೀರು ಬಗ್ಗಿಸದಿದ್ದರೆ ಮಕ್ಕಳು ವಿಚಾರಿಸಬೇಕೆಂದು ಅರ್ಥ. ವೃದ್ಧರು ಇದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಯಂತ್ರದ ಬದಲು ಬೆಳಗಿನ ಶುಭಸಂದೇಶವು ಮಾಡುತ್ತಿದೆಯೆಂದು ಹೇಳಬಹುದು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ತಂದೆತಾಯಿಗಳು ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇಬ್ಬರೇ ಉಳಿದಿರುವ, ಅಥವಾ ಅವರಲ್ಲಿ ಒಬ್ಬರೇ ಉಳಿದಿರುವ ಮನೆಗಳು ಈಗ ಅಸಂಖ್ಯಾತ. ಇಲ್ಲಿ ಬೆಳಿಗ್ಗೆ ಆರೂವರೆ ಗಂಟೆಗೆ ತಾಯಿ ಕಳುಹಿಸಿದ 'ಶುಭೋದಯ'ವು ಕ್ಯಾಲಿಫೋರ್ನಿಯದಲ್ಲಿರುವ ಮಗನನ್ನು ತಲುಪುವುದು ಹಿಂದಿನ ದಿನದ ಸಂಜೆಯಲ್ಲಿ. ಅವನಿಗೆ ಅದು ಬೆಳಗೂ ಅಲ್ಲ, ಆ ಗುಲಾಬಿಯ ಚಿತ್ರದಲ್ಲಿ ಅವನಿಗೆ ಆಸಕ್ತಿಯೂ ಇರಲಾರದು. ಆದರೆ ಅಮ್ಮ ಎದ್ದಿದ್ದಾಳೆ, ಕನ್ನಡಕ ಹಾಕಿಕೊಂಡಿದ್ದಾಳೆ, ಕೈಬೆರಳು ಆಡುತ್ತಿವೆ, ನನ್ನ ಹೆಸರು ಅವಳಿಗೆ ನೆನಪಿದೆ, ಇಷ್ಟನ್ನೂ ಆ ಒಂದು ಚಿತ್ರ ಹೇಳುತ್ತದೆ. ಅದಕ್ಕೆ ಮರುನುಡಿ ಬಂದರೆ ಇಲ್ಲಿಯ ತಾಯಿಗೂ ಅಷ್ಟೇ ಸಮಾಧಾನ.

೭

ಹಾಗಾದರೆ ಪರಿಹಾಸಕ್ಕೆ ಆಧಾರವೇ ಇಲ್ಲವೇ? ಇದೆ. ಮೊಟ್ಟೋ ಕಳುಹಿಸಿದ ಪತ್ರಗಳು ಚಿಕ್ಕವಾಗಿದ್ದರೂ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಬೆರಳಚ್ಚು ಮಾಡಲಾಗುತ್ತಿತ್ತು, ವಾಕ್ಯಗಳನ್ನು ಬದಲಾಯಿಸಲಾಗುತ್ತಿತ್ತು, ಯಾರಾದರೂ ಉತ್ತರ ಬರೆದರೆ ಅವರಿಗೆ ತಕ್ಕ ಮರುಪತ್ರ ಹೋಗುತ್ತಿತ್ತು. ಸಿದ್ಧವಾಕ್ಯದ ತಂತಿಯಲ್ಲಿಯೂ ವಿಳಾಸ ಮಾತ್ರ ಒಬ್ಬನದೇ ಆಗಿದ್ದಿತು. ತಂತಿ ಕಚೇರಿಗೆ ನಡೆದುಹೋಗಿ ಸಾಲಿನಲ್ಲಿ ನಿಂತ ಶ್ರಮವನ್ನು ಅದು ತೋರಿಸುತ್ತಿತ್ತು. ಈಗಿನ ಶುಭೋದಯವಾದರೋ ಎಲ್ಲಿಂದಲೋ ಬಂದುದನ್ನು ಒಂದೇ ಬೆರಳಿನಿಂದ ನೂರು ಜನರ ಗುಂಪಿಗೆ ದಾಟಿಸುವುದಾಗಿ ಪರಿಣಮಿಸಿದೆ. ಅದನ್ನು ಪಡೆದವನಿಗೆ ತನ್ನನ್ನು ನೆನೆದರೆಂಬ ಭಾವ ಹುಟ್ಟುವುದಿಲ್ಲ.

ಇದೇ ದಾರಿಯಲ್ಲಿ ಹುಸಿಸುದ್ದಿಗಳೂ ಸಾಗಿದುವು. ಸುಳ್ಳು ವದಂತಿಗಳಿಂದ ಗುಂಪುಗಳು ಅಮಾಯಕರನ್ನು ಕೊಂದ ಪ್ರಕರಣಗಳು ನಡೆದ ಮೇಲೆ, ೨೦೧೮ರ ಜುಲೈಯಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿಯನ್ನು ಗೊತ್ತುಮಾಡಿತು. ೨೦೧೯ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸಿತು. ೨೦೨೦ರ ಏಪ್ರಿಲಿನಲ್ಲಿ, ಬಹಳ ಸಲ ದಾಟಿಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಮಾಡಿತು. ಸಂದೇಶದ ಬೆಲೆ ಶೂನ್ಯಕ್ಕೆ ಇಳಿದಾಗ, ಹಿಂದೆ ಕಾಲಾಣೆಯು ತಾನಾಗಿ ಮಾಡುತ್ತಿದ್ದ ನಿಯಂತ್ರಣವನ್ನು ಕಟ್ಟಳೆಯಿಂದ ಮಾಡಬೇಕಾಯಿತೆಂಬುದು ಇದರ ತಾತ್ಪರ್ಯ. ಇದಲ್ಲದೆ, ಪ್ರತಿದಿನವೂ ಉತ್ತರಿಸಲೇಬೇಕೆಂಬ ಒತ್ತಾಯವಿದ್ದಲ್ಲಿ ವಂದನೆಯು ಕಂದಾಯವಾಗುತ್ತದೆ. ಮೇಲಧಿಕಾರಿಯಿಂದ ಬಂದ ಶುಭೋದಯಕ್ಕೆ ಕೈಕೆಳಗಿನವರೆಲ್ಲ ಸಾಲಾಗಿ ಕೈಮುಗಿಯುವುದರಲ್ಲಿ ಹಳೆಯ ಸ್ಥಾನಭೇದವೇ ಹೊಸ ವೇಷದಿಂದ ಮರಳುತ್ತದೆ.

೮

ಇಷ್ಟು ವಿಚಾರದಿಂದ ಈ ಕೆಳಗಿನ ಅಂಶಗಳು ಸಿದ್ಧವಾಗುತ್ತವೆ. ಒಂದನೆಯದಾಗಿ, ಸುದ್ದಿಯಿಲ್ಲದ ಸಂದೇಶವು ಇಂದಿನ ಜನರ ಚಾಪಲ್ಯವಲ್ಲ. ಬಹು ಪುರಾತನವಾದ ಒಂದು ಆಚಾರದ ಮುಂದುವರಿಕೆ. ಎರಡನೆಯದಾಗಿ, ಅದರ ಮಾತುಗಳು ಎರವಲಿನವಾಗಿರುವುದು ದೋಷವಲ್ಲ. ರೋಮನರ ಆದ್ಯಕ್ಷರಗಳೂ ತಂತಿಯ ಸಂಖ್ಯೆಗಳೂ ನಮ್ಮ 'ಉಭಯ ಕುಶಲೋಪರಿ'ಯೂ ಎರವಲಿನವೇ. ಮೂರನೆಯದಾಗಿ, ಅದರ ಬಲವಿರುವುದು ಒಬ್ಬರಿಂದ ಒಬ್ಬರಿಗೆಂದು ಹೊರಡುವುದರಲ್ಲಿ, ನಿಯತವಾಗಿ ಬರುವುದರಲ್ಲಿ, ಪ್ರತಿಫಲವನ್ನು ಒತ್ತಾಯಿಸದಿರುವುದರಲ್ಲಿ. ಈ ಮೂರರಲ್ಲಿ ಮೊದಲನೆಯದು ತಪ್ಪಿದರೆ ಉಳಿದ ಎರಡರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಿಂದ 'ಏನು ಮಾಡತಕ್ಕದ್ದು' ಎಂದು ಕೇಳಬಹುದು. ನೂರು ಜನರಿಗೆ ದಾಟಿಸುವ ಚಿತ್ರವನ್ನು ಬಿಟ್ಟು, ಹೆಸರು ಹಿಡಿದು ಒಬ್ಬರಿಗೆ ಒಂದು ಸಾಲು ಬರೆಯುವುದು ಅಷ್ಟೇ ಸುಲಭ. 'ಅಪ್ಪಾ, ನಿನ್ನೆಯ ಕೆಮ್ಮು ಹೇಗಿದೆ?' ಎಂಬ ಒಂದು ಸಾಲಿಗೆ ಚಿತ್ರದ ಅಲಂಕಾರ ಬೇಕಾಗಿಲ್ಲ. ವಿದ್ಯಾರ್ಥಿನಿಲಯದಲ್ಲಿರುವವರು ಊರಿಗೂ, ಊರಿನವರು ಅಲ್ಲಿಗೂ ಇದನ್ನು ಬರೆಯಬಹುದು. ಹಲವು ದಿನ ತರಗತಿಗೆ ಬಾರದ ವಿದ್ಯಾರ್ಥಿಗೆ, ಹಾಜರಿಯ ಮಾತೆತ್ತದೆ, ಕ್ಷೇಮವೇ ಎಂದು ಕೇಳುವ ಒಂದು ಸಾಲನ್ನು ಅಧ್ಯಾಪಕರು ಬರೆಯಬಹುದು. ಮೊಟ್ಟೋನ ಪ್ರಯೋಗವು ನಮಗೆ ಕಲಿಸುವುದು ಇದನ್ನೇ. ಮನೆಯ ಹಿರಿಯರು ಕಳುಹಿಸಿದ ಗುಲಾಬಿಯ ಚಿತ್ರವನ್ನು ಅಳಿಸಿಹಾಕುವುದರಲ್ಲಿ ತಪ್ಪಿಲ್ಲ, ದೂರವಾಣಿಯಲ್ಲಿ ಸ್ಥಳ ಬೇಕಷ್ಟೆ. ಆದರೆ ಅಳಿಸುವ ಮೊದಲು ಅವರಿಗೆ ಒಂದು ಮರುನುಡಿಯನ್ನು ಬರೆಯುವುದು ಯುಕ್ತ.